ಎರಡು ಋಣಗಳ ನಡುವೆ: ಮಲಪ್ರಭೆಯ ಸೀಮೆಯ ಕಥೆಗಳಲ್ಲಿ ಸಂಘರ್ಷ



ಸಾಹಿತ್ಯದಲ್ಲಿನ ಸಂಘರ್ಷವನ್ನು ಮನುಷ್ಯನಿಗೂ ಮನುಷ್ಯನಿಗೂ, ಮನುಷ್ಯನಿಗೂ ಸಮಾಜಕ್ಕೂ, ಮನುಷ್ಯನಿಗೂ ವಿಧಿಗೂ, ಕಟ್ಟಕಡೆಗೆ ಮನುಷ್ಯನಿಗೂ ಅವನ ಅಂತಃಕರಣಕ್ಕೂ ನಡೆಯುವ ಹೋರಾಟವೆಂದು ವಿಭಜಿಸಿ ಹೇಳುವುದು ವಾಡಿಕೆ. ವಿದ್ಯಾರ್ಥಿಗಳಿಗೆ ಈ ವಿಭಜನೆಯಿಂದ ಪ್ರಯೋಜನವುಂಟು. ಆದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಈ ಸೀಮೆಯಲ್ಲಿ ಜನರ ನಾಲಗೆಯ ಮೇಲೆ ಉಳಿದುಬಂದ ಕಥೆಗಳನ್ನು ಪರಾಮರ್ಶಿಸಿದಷ್ಟೂ, ಹೊರಗಿನ ಕಲಹವು ಒಬ್ಬ ವ್ಯಕ್ತಿಯೊಳಗೆ ಇಳಿದು, ಆತನು ಹೊತ್ತಿರುವ ಎರಡು ಋಣಗಳು ಪರಸ್ಪರ ಎದುರಾಗಿ ನಿಂತಾಗಲೇ ಅದು ಕಾವ್ಯಪದವಿಗೆ ಏರುವುದೆಂಬ ನಂಬಿಕೆ ನನ್ನಲ್ಲಿ ಬಲವಾಗುತ್ತ ಬಂದಿದೆ. ಆ ವ್ಯಕ್ತಿ ಬಹಳ ಸಲ ಕಥಾನಾಯಕನಾಗಿರುವುದಿಲ್ಲ.

ಬೈಲಹೊಂಗಲ ತಾಲೂಕಿನ ಬೈಲವಾಡದಲ್ಲಿ ನಡೆದುದೆಂದು ಹೇಳಲಾಗುವ, ಪತ್ತಾರ ಮಾಸ್ತರರು ಕಟ್ಟಿದರೆಂದು ಪ್ರತೀತಿಯಿರುವ 'ಸಂಗ್ಯಾ ಬಾಳ್ಯಾ' ಸಣ್ಣಾಟವನ್ನೇ ಮೊದಲು ನೋಡೋಣ. ಸಂಗ್ಯಾ ಈರ್ಯಾನ ಹೆಂಡತಿ ಗಂಗಿಯನ್ನು ಮೋಹಿಸುತ್ತಾನೆ. ಗೆಳೆಯ ಬಾಳ್ಯಾನ ನೆರವು ಬೇಡುತ್ತಾನೆ. ಈರ್ಯಾ ವ್ಯಾಪಾರಕ್ಕೆಂದು ಊರು ಬಿಟ್ಟಾಗ ಸಂಗ್ಯಾನ ಬಯಕೆ ಕೈಗೂಡುತ್ತದೆ. ಸಂಗತಿ ಬಯಲಾದ ಮೇಲೆ ಈರ್ಯಾನೂ ಅವನ ಸೋದರರೂ ಸೇಡಿಗೆ ನಿಲ್ಲುತ್ತಾರೆ. ಬ್ರಿಟಿಷ್ ಅಧಿಕಾರಿ ಫ್ಲೀಟ್ ಸಾಹೇಬರು ಈ ಭಾಗದ ಲಾವಣಿಗಳನ್ನು ಸಂಗ್ರಹಿಸಿ 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚು ಹಾಕಿಸತೊಡಗಿದರಷ್ಟೆ. ಅವುಗಳಲ್ಲಿ ಸಂಗೊಳ್ಳಿ ರಾಯಣ್ಣನ ಲಾವಣಿಯೊಡನೆ ಸಂಗ್ಯಾನದೂ ಇದ್ದು, ಅದಕ್ಕೆ ಅವರು ಕೊಟ್ಟ ಶೀರ್ಷಿಕೆ ಸಂಗ್ಯಾನ ಅಪರಾಧ ಮತ್ತು ಮರಣವನ್ನು ಕುರಿತದ್ದಾಗಿದೆ. ಅಪರಾಧವುಂಟು, ದಂಡನೆಯುಂಟು, ವ್ಯಕ್ತಿಗೂ ಸಮಾಜಕ್ಕೂ ಘರ್ಷಣೆಯುಂಟು ಎಂದು ಅಲ್ಲಿಗೇ ವಿಚಾರವನ್ನು ಮುಗಿಸಿಬಿಡಬಹುದಾಗಿತ್ತು. ಆದರೆ ನಮ್ಮ ಜನ ಈ ಆಟವನ್ನು ಸಂಗ್ಯಾ ಗಂಗಿಯರ ಹೆಸರಿನಿಂದ ಕರೆಯಲಿಲ್ಲ, ಸಂಗ್ಯಾ ಈರ್ಯಾರ ಹೆಸರಿನಿಂದಲೂ ಕರೆಯಲಿಲ್ಲ. ಇಬ್ಬರು ಗೆಳೆಯರ ಹೆಸರನ್ನು ಜೋಡಿಸಿ ಕರೆದರು.

ಅದೇಕೆಂಬುದು ಆಟ ನೋಡಿದವರಿಗೆ ತಿಳಿದದ್ದೇ. ರಾತ್ರಿಯೆಲ್ಲ ನಡೆದ ಆಟವು ಕೊನೆಯ ಘಟ್ಟಕ್ಕೆ ಬಂದು, ಹಣದ ಆಮಿಷಕ್ಕೆ ಮನಸೋತ ಬಾಳ್ಯಾ ಗೆಳೆಯನನ್ನು ಕೊಲೆಗಾರರ ಕೈಗೊಪ್ಪಿಸಲು ಕರೆಯಬಂದಾಗ, ಅಟ್ಟದ ಮುಂದೆ ಕಂಬಳಿ ಹೊದ್ದು ಕುಳಿತವರ ಕಣ್ಣು ಸಂಗ್ಯಾನ ಮೇಲಿರುವುದಿಲ್ಲ. ಸಂಗ್ಯಾನಿಗೆ ಸಾವು ಕಾದಿರುವುದು ಅವರಿಗೆ ಗೊತ್ತು. ಅವನು ಬೇರೇನನ್ನೂ ಮಾಡಲಾರ, ಏಕೆಂದರೆ ಅವನಿಗೆ ಸಂಶಯವೇ ಇಲ್ಲ. ಎಲ್ಲರೂ ನೋಡುತ್ತಿರುವುದು ಬಾಳ್ಯಾನ ಮುಖವನ್ನು. ಅವನು ಈಗಲೂ ಹಿಂದಕ್ಕೆ ಸರಿಯಬಹುದು, ಒಂದು ಮಾತು ಬಾಯಿಬಿಡಬಹುದು. ಹಿಮ್ಮೇಳದವರು ಪಲ್ಲವಿಯನ್ನು ಎತ್ತಿ ಎಳೆದಷ್ಟೂ ಆ ಸಾಧ್ಯತೆಯ ಗಳಿಗೆ ದೀರ್ಘವಾಗುತ್ತದೆ. ಡಾ. ಚಂದ್ರಶೇಖರ ಕಂಬಾರರು ಇದೇ ವಸ್ತುವನ್ನು ಆಧುನಿಕ ರಂಗಭೂಮಿಗೆ ತಂದರು. ಅಂಥ ಪ್ರತಿಭಾವಂತರನ್ನು ಈ ಕಥೆ ಸೆಳೆದದ್ದು ಬರಿಯ ಪ್ರಣಯದಿಂದಲ್ಲವೆಂದೇ ನಾನು ನಂಬುತ್ತೇನೆ.

ಇನ್ನು ಕಿತ್ತೂರು. 1824ರ ಅಕ್ಟೋಬರ್ 23ರಂದು ಕಂಪನಿಯ ಅಧಿಕಾರಿ ಥ್ಯಾಕರೆ ಬಿದ್ದ ಯುದ್ಧವನ್ನು ರಂಗದ ಮೇಲೆ ಕಂಡು ನಮ್ಮ ಎದೆ ಉಬ್ಬುವುದು ಸಹಜ, ಯೋಗ್ಯ. ದತ್ತಕವನ್ನು ಮನ್ನಿಸದ ಕಂಪನಿ ಸರಕಾರಕ್ಕೂ ಸಂಸ್ಥಾನದ ಸ್ವಾತಂತ್ರ್ಯಕ್ಕೂ ನಡೆದ ಈ ಕದನದಷ್ಟು ನಿಚ್ಚಳವಾದ ಬಾಹ್ಯ ಸಂಘರ್ಷ ಮತ್ತೊಂದು ದೊರೆಯುವುದು ಕಷ್ಟ. ಆದರೂ ಡಿಸೆಂಬರಿನಲ್ಲಿ ಕೋಟೆ ಕೈಬಿಟ್ಟ ತರುವಾಯ, 1829ರ ಫೆಬ್ರವರಿ 2ರಂದು ದೇಹವಿಡುವವರೆಗೆ, ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ಕಳೆದ ವರ್ಷಗಳನ್ನು ನಾಟಕಕಾರರು ಒಂದೆರಡು ಮಾತುಗಳಲ್ಲಿ ದಾಟಿಬಿಡುವುದು ನನಗೆ ವ್ಯಥೆಯನ್ನುಂಟುಮಾಡುತ್ತದೆ. ಕತ್ತಿಯಿಲ್ಲ, ಎದುರಾಳಿ ಕಣ್ಣೆದುರಿಗಿಲ್ಲ, ಕಾಲವೊಂದೇ ಉಳಿದಿದೆ. ಆಕೆಯ ಸಮಾಧಿಯಿರುವ ಊರಿನವರಾದ ನಾವಾದರೂ ಆ ಮೌನವನ್ನು ಕುರಿತು ಬರೆಯಬೇಡವೆ?

ಸವದತ್ತಿಯ ಗುಡ್ಡದ ಎಲ್ಲಮ್ಮನ ಕಥೆಯಲ್ಲಿ ಧರ್ಮಕ್ಕೆ ಧರ್ಮವೇ ಇದಿರಾಗಿದೆ. ಗಂಧರ್ವರ ಜಲಕ್ರೀಡೆಯನ್ನು ಕಂಡು, ಎಲ್ಲಮ್ಮನೆಂದು ಪೂಜೆಗೊಳ್ಳುವ ರೇಣುಕೆಯ ಚಿತ್ತ ಒಂದು ಕ್ಷಣ ಚಲಿಸಿತು. ನೀರು ತರಲು ಆಕೆ ಕಟ್ಟುತ್ತಿದ್ದ ಮರಳಿನ ಕೊಡ ನಿಲ್ಲಲಿಲ್ಲ. ಪತಿ ಜಮದಗ್ನಿ ಆಕೆಯ ವಧೆಗೆ ಆಜ್ಞಾಪಿಸಿದನು. ಹಿರಿಯ ಮಕ್ಕಳು ಒಲ್ಲೆವೆಂದು ಶಾಪಕ್ಕೆ ಗುರಿಯಾದರು, ಕಿರಿಯ ಮಗ ಪರಶುರಾಮನು ಪಿತೃವಾಕ್ಯವನ್ನು ನೆರವೇರಿಸಿದನು. ಎರಡೂ ಪಕ್ಷದವರ ನಡೆಗೂ ಶಾಸ್ತ್ರದ ಆಧಾರವಿದೆ. ವಿಧೇಯನಾದ ಮಗನು ತಂದೆಯಲ್ಲಿ ಬೇಡಿದ ವರಗಳನ್ನು ಮಹಾಭಾರತದ ವನಪರ್ವದಲ್ಲಿ ಗಮನಿಸಿರಿ: ತಾಯಿ ಬದುಕಲಿ, ವಧೆಯ ಸ್ಮರಣೆ ಇಲ್ಲದಿರಲಿ, ಪಾಪ ಸೋಂಕದಿರಲಿ, ಅಣ್ಣಂದಿರು ಮೊದಲಿನಂತಾಗಲಿ. ಮಾಡಿದ ಕಾರ್ಯವನ್ನೆಲ್ಲ ಮಾಡದಿದ್ದಂತೆ ಆಗಿಸಿಕೊಡೆಂದು ಕೇಳುವ ಈ ವಿಧೇಯತೆಯೊಳಗೆ ಎಂಥ ಬಂಡಾಯವಡಗಿದೆಯೆಂಬುದನ್ನು ಆ ಒಂದು ಬೇಡಿಕೆಯೇ ಹೇಳಿಬಿಡುತ್ತದೆ. ಭರತಹುಣ್ಣಿಮೆಗೆ 'ಉಧೋ ಉಧೋ' ಎನ್ನುತ್ತ ಗುಡ್ಡ ಏರುವ ತಾಯಂದಿರು ಕಥೆಯ ಈ ಭಾಗವನ್ನು ಯಾವ ಪಂಡಿತರಿಗಿಂತಲೂ ಹೆಚ್ಚಾಗಿ ಅರಿತಿದ್ದಾರೆ.

ರಾಮದುರ್ಗದ ಕಥೆಯನ್ನು ಕೊನೆಗೆ ಉಳಿಸಿಕೊಂಡದ್ದು, ಅದನ್ನು ಇಲ್ಲಿ ನೆರೆದ ತರುಣ ಲೇಖಕರ ಕೈಗಿಡಬೇಕೆಂಬ ಆಸೆಯಿಂದ. 1858ರ ಮೇ ತಿಂಗಳಲ್ಲಿ ನರಗುಂದದ ಸಂಸ್ಥಾನಿಕ ಬಾಬಾಸಾಹೇಬರು ಬ್ರಿಟಿಷರ ವಿರುದ್ಧ ಬಂಡಾಯವೆದ್ದಾಗ, ರಾಮದುರ್ಗದ ಗಾದಿಯ ಮೇಲಿದ್ದವರು ಅವರ ಸಹೋದರರೇ. ಪೊಲಿಟಿಕಲ್ ಏಜೆಂಟ್ ಮ್ಯಾನ್‌ಸನ್ ರಾಮದುರ್ಗಕ್ಕೆ ಬಂದಾಗ, ನರಗುಂದದತ್ತ ಹೋಗಬೇಡಿರೆಂದು ಅವನನ್ನು ಎಚ್ಚರಿಸಿದವರೂ ಅವರೇ. ಅವನು ಕೇಳಲಿಲ್ಲ, ಮೇ 29ರ ರಾತ್ರಿ ಸುರೇಬಾನದಲ್ಲಿ ಹತನಾದನು. ಜೂನ್ 12ರಂದು ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಬಂಡಾಯದ ನಾಯಕನನ್ನು ಹಾಡುವುದು ನಮ್ಮ ಕರ್ತವ್ಯ, ಅದು ನಡೆದಿದೆ, ನಡೆಯಲಿ. ಆದರೆ ಅತಿಥಿಯ ಪ್ರಾಣಕ್ಕೂ ಒಡಹುಟ್ಟಿದವನ ಪ್ರಾಣಕ್ಕೂ ನಡುವೆ, ಸಂಸ್ಥಾನದ ಉಳಿವಿಗೂ ಮನೆತನದ ಮಾನಕ್ಕೂ ನಡುವೆ ಸಿಲುಕಿದ ಆ ಇನ್ನೊಬ್ಬ ಸಹೋದರನ ಆ ಎರಡು ವಾರಗಳನ್ನು ನಿಮ್ಮಲ್ಲಿ ಯಾರಾದರೂ ನಾಟಕವಾಗಿ ಬರೆಯಿರಿ. ಅವನನ್ನು ದ್ರೋಹಿಯೆಂದೂ ತೀರ್ಮಾನಿಸದೆ, ನಿರ್ದೋಷಿಯೆಂದೂ ಸಾರದೆ, ಮ್ಯಾನ್‌ಸನ್ನನ ಮೇನೆ ರಾಮದುರ್ಗವನ್ನು ಬಿಟ್ಟು ಹೊರಟ ಗಳಿಗೆಯಿಂದ ಮೊದಲನೆಯ ಅಂಕವನ್ನು ಆರಂಭಿಸಿರಿ.