ಬಾಗಿದ ಬೆನ್ನಿಗೆ ಎಷ್ಟು ಅಂಕ?

ಮೂಳೆ ಟೊಳ್ಳಾಗುವ ಕಾಯಿಲೆ ಆಸ್ಟಿಯೊಪೊರೋಸಿಸ್. ಡೆಕ್ಸಾ ಸ್ಕ್ಯಾನ್ ಮಾಡಿಸಿದ್ರೆ ಟಿ-ಸ್ಕೋರ್ ಅನ್ನೋ ಅಂಕಿ ಬರುತ್ತೆ. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ರೆ ಕಾಯಿಲೆ ಇದೆ ಅಂತ. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಳೆದ ಗೆರೆ ಇದು.

ನಾನು ಎಂಜಿನಿಯರಿಂಗ್ ಓದಿದವನು, ಅಂಕಿ ಅಂದ್ರೆ ಮರ್ಯಾದೆ ಜಾಸ್ತಿ. ಆದರೆ ಬೆನ್ನುಮೂಳೆ ಕುಸಿದು ಗೂನಾದ ಅಜ್ಜಿ ರಾತ್ರಿ ನಿದ್ದೆ ಮಾಡ್ತಾರಾ? ಸ್ಕ್ಯಾನ್ ಹೇಳಲ್ಲ.

ಅದಕ್ಕೇ ಯುರೋಪಿನ ವೈದ್ಯರು ಕ್ವಾಲೆಫೊ-41 ಅನ್ನೋ ಪ್ರಶ್ನಾವಳಿ ಮಾಡಿದ್ರು. 41 ಪ್ರಶ್ನೆ. ಬೆನ್ನು ನೋವು ಎಷ್ಟು ಹೊತ್ತು? ಬಗ್ಗೋಕೆ ಆಗುತ್ತಾ? ಮೆಟ್ಟಿಲು? ನೆಂಟರ ಮನೆಗೆ ಹೋಗಿದ್ರಾ? ಒಂಟಿ ಅನ್ಸುತ್ತಾ? ಪೂರ್ತಿ ಇನ್ನೊಬ್ಬರ ಮೇಲೆ ಬೀಳ್ತೀನಿ ಅನ್ನೋ ಭಯ ಇದೆಯಾ? ಲೆಕ್ಕ ಮಾತ್ರ ನಮ್ಮ ಪರೀಕ್ಷೆಗೆ ಉಲ್ಟಾ: ಸೊನ್ನೆ ಬಂದ್ರೆ ಆರಾಮ, 100 ಬಂದ್ರೆ ಬದುಕೇ ಹದಗೆಟ್ಟಿದೆ.

ಅದರಲ್ಲಿ ತೋಟಗಾರಿಕೆ ಬಗ್ಗೆ, ಸಿನಿಮಾ-ನಾಟಕಕ್ಕೆ ಹೋಗೋ ಬಗ್ಗೆಯೂ ಕೇಳ್ತಾರೆ. ಸರಿ, ಅವರ ಊರಿನ ಬದುಕು. ನಮ್ಮಲ್ಲಿ ಕೇಳಬೇಕಾದ್ದು ಬೇರೆ: ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರೋದು, ರಂಗೋಲಿ ಹಾಕೋದು, ಕುಕ್ಕರಗಾಲಲ್ಲಿ ಶೌಚಕ್ಕೆ ಕೂತು ಮತ್ತೆ ಎದ್ದೇಳೋದು. ಈ ಕೊನೆಯದನ್ನ ಯಾವ ಅಜ್ಜಿಯೂ ತಾನಾಗಿ ಬಾಯಿ ಬಿಡಲ್ಲ.

ಇನ್ನೊಂದು ತೊಂದರೆ ಇದೆ. ಡಾಕ್ಟರು ಕೇಳೋದು ಅಮ್ಮನನ್ನ, ಉತ್ತರ ಕೊಡೋದು ಮಗ. "ಪರವಾಗಿಲ್ಲ ಡಾಕ್ಟ್ರೇ, ಓಡಾಡ್ಕೊಂಡಿದ್ದಾರೆ." ಅಮ್ಮ ತಲೆ ಆಡಿಸ್ತಾರೆ. ಅಲ್ಲಿಗೆ ಮುಗೀತು ಅಳತೆ. ಆ ಹತ್ತು ನಿಮಿಷ ದಯವಿಟ್ಟು ಹೊರಗೆ ಬೆಂಚಿನ ಮೇಲೆ ಕೂತ್ಕೊಳ್ಳಿ ಸ್ವಾಮಿ.