ಕ್ಷುದ್ರಗ್ರಹಗಳಿಗೆ ಹೆಸರಿಡುವವರು ಯಾರು?



ಗ್ರಹಗಳಿಗಿಂತ ಬಹಳ ಚಿಕ್ಕದಾದ ಲಕ್ಷಾಂತರ ಕಾಯಗಳು ಸೂರ್ಯನನ್ನು ಸುತ್ತುತ್ತಿವೆ. ಇವೇ ಕ್ಷುದ್ರಗ್ರಹಗಳು. ಹೆಚ್ಚಿನವು ಮಂಗಳ ಮತ್ತು ಗುರು ಗ್ರಹಗಳ ನಡುವೆ ಇವೆ. ಮೊದಲನೆಯದನ್ನು 1801ರ ಜನವರಿ 1ರಂದು ಸಿಸಿಲಿಯ ಪಲೆರ್ಮೊದಲ್ಲಿ ಪಿಯಾಜಿ ಎಂಬ ವಿಜ್ಞಾನಿ ಕಂಡರು. ರೋಮನ್ನರ ಬೆಳೆಯ ದೇವತೆಯ ನೆನಪಿಗೆ ಅದಕ್ಕೆ ಸೆರೆಸ್ ಎಂದು ಹೆಸರಾಯಿತು. 2006ರಿಂದ ಅದನ್ನು ಕುಬ್ಜಗ್ರಹಗಳ ಸಾಲಿಗೂ ಸೇರಿಸಲಾಗಿದೆ.

ಹೊಸ ಕಾಯವೊಂದು ಕಂಡಾಗ ಮೊದಲು ಸಿಗುವುದು ತಾತ್ಕಾಲಿಕ ಗುರುತು ಮಾತ್ರ. ಅದರ ಕಕ್ಷೆ ಖಚಿತವಾಗಲು ಹಲವು ವರ್ಷಗಳ ವೀಕ್ಷಣೆ ಬೇಕು. ಆಮೇಲೆ ಶಾಶ್ವತ ಸಂಖ್ಯೆ ದೊರೆಯುತ್ತದೆ. ಅಲ್ಲಿಂದ ಹತ್ತು ವರ್ಷಗಳವರೆಗೆ ಹೆಸರು ಸೂಚಿಸುವ ಹಕ್ಕು ಕಂಡುಹಿಡಿದವರದ್ದು. ಒಪ್ಪಿಗೆ ಕೊಡುವುದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಸಮಿತಿ. ಹೆಸರು ರೋಮನ್ ಲಿಪಿಯ 16 ಅಕ್ಷರಗಳನ್ನು ಮೀರಬಾರದು, ಯಾರ ಮನಸ್ಸನ್ನೂ ನೋಯಿಸಬಾರದು. ರಾಜಕಾರಣಿ ಅಥವಾ ಸೇನಾನಿಯ ಹೆಸರಾದರೆ ಅವರು ತೀರಿಕೊಂಡು 100 ವರ್ಷ ಕಳೆದಿರಬೇಕು. ಹೆಸರನ್ನು ಹಣ ಕೊಟ್ಟು ಕೊಳ್ಳಲಾಗದು. ಈಗ ಎಂಟು ಲಕ್ಷಕ್ಕೂ ಹೆಚ್ಚು ಕ್ಷುದ್ರಗ್ರಹಗಳಿಗೆ ಸಂಖ್ಯೆಯಿದೆ. ಹೆಸರಿರುವುದು ಅತ್ಯಲ್ಪ ಭಾಗಕ್ಕೆ.

ಈ ಹಕ್ಕಿನ ಬೆಲೆ ಏನೆಂಬುದಕ್ಕೆ ನಮ್ಮ ನಾಡಿನದೇ ಉದಾಹರಣೆಯಿದೆ. 1861ರಲ್ಲಿ ಮದರಾಸು ವೀಕ್ಷಣಾಲಯದಿಂದ ಇಂಗ್ಲಿಷ್ ವಿಜ್ಞಾನಿ ಪಾಗ್ಸನ್ ಒಂದು ಕ್ಷುದ್ರಗ್ರಹವನ್ನು ಕಂಡರು. ಏಷ್ಯಾ ಖಂಡದಿಂದ ಕಂಡ ಮೊದಲನೆಯದು ಎಂದು ಅದಕ್ಕೆ ಏಷ್ಯಾ ಎಂಬ ಹೆಸರಾಯಿತು. 1988ರಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ರಾಜಮೋಹನ್ ಮತ್ತು ಸಂಗಡಿಗರು ತಮಿಳುನಾಡಿನ ಕಾವಲೂರಿನಿಂದ ಇನ್ನೊಂದನ್ನು ಕಂಡುಹಿಡಿದರು. 4130 ಸಂಖ್ಯೆಯ ಆ ಕ್ಷುದ್ರಗ್ರಹಕ್ಕೆ ಗಣಿತಜ್ಞ ರಾಮಾನುಜನ್ ಅವರ ಹೆಸರು ಬಂತು. ದೂರದರ್ಶಕದ ಬಳಿ ಕುಳಿತವರು ನಮ್ಮವರಾದಾಗ ನಮ್ಮ ಆಯ್ಕೆಯ ಹೆಸರು ಆಕಾಶಕ್ಕೇರಿತು.

ಆದರೆ ವಿದ್ಯೆಗೆ ಊರಿನ ಗಡಿಯಿಲ್ಲ. 9936ನೆಯ ಕ್ಷುದ್ರಗ್ರಹದ ಹೆಸರು ಅಲ್-ಬಿರೂನಿ. ಖ್ವಾರಿಜ್ಮ್‌ನಲ್ಲಿ ಹುಟ್ಟಿ, ಭೂಮಿಯ ಗಾತ್ರವನ್ನು ಅಳೆದು, ಭಾರತದ ಬಗ್ಗೆ ಅರಬ್ಬಿಯಲ್ಲಿ ಗ್ರಂಥ ಬರೆದ ಆ ವಿದ್ವಾಂಸರ ಹೆಸರು ಹೊತ್ತ ಈ ಕಾಯವನ್ನು 1986ರಲ್ಲಿ ಕಂಡುಹಿಡಿದದ್ದು ಬಲ್ಗೇರಿಯಾದ ವೀಕ್ಷಣಾಲಯದಲ್ಲಿ.

ವಿದ್ಯಾರ್ಥಿ ಮಿತ್ರರೇ, ಹಿಂದಿನವರ ಹೆಸರು ಹೇಳಿ ಹೆಮ್ಮೆಪಡುವುದು ಸುಲಭ. ಅವರು ಅಳೆದರು, ಲೆಕ್ಕ ಹಾಕಿದರು, ಬರೆದಿಟ್ಟರು. ಹೆಸರು ಅದರ ಹಿಂದೆ ಬಂತು. ಗಣಿತವನ್ನೂ ಭೌತಶಾಸ್ತ್ರವನ್ನೂ ಶ್ರದ್ಧೆಯಿಂದ ಕಲಿಯಿರಿ. ದೂರದರ್ಶಕದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಪರಿಶೀಲಿಸಿ ಹೊಸ ಕಾಯಗಳನ್ನು ಹುಡುಕುವ ಅವಕಾಶ ಇಂದು ಶಾಲಾ ಮಕ್ಕಳಿಗೂ ಇದೆ. ಹೆಸರು ಪಡೆಯುವವರ ಸಾಲಿಗಿಂತ ಮೊದಲು ಹೆಸರಿಡುವವರ ಸಾಲಿನಲ್ಲಿ ನೀವು ನಿಲ್ಲುವಂತಾಗಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.