ನಿರ್ಮಾಪಕನ ಹೊಣೆ: ಡೇವಿಡ್ ಪಟ್‌ನಮ್ ನಡೆದ ದಾರಿ



ಸಿನಿಮಾದ ಚರ್ಚೆಯಲ್ಲಿ ನಿರ್ದೇಶಕರ ಹೆಸರು ಮೊದಲು ಬರುತ್ತದೆ, ಕಲಾವಿದರದು ಆಮೇಲೆ. ನಿರ್ಮಾಪಕನೆಂದರೆ ಹಣ ಹೂಡಿ ಲಾಭ ಎಣಿಸುವವನು ಎಂಬಲ್ಲಿಗೆ ಸಾಮಾನ್ಯ ತಿಳಿವಳಿಕೆ ನಿಂತುಬಿಡುತ್ತದೆ. ಆದರೆ ಯಾವ ಕಥೆ ತೆರೆಗೆ ಬರಬೇಕು, ಯಾವುದು ಬರಬಾರದು ಎಂದು ಮೊದಲು ತೀರ್ಮಾನಿಸುವವನು ಅವನೇ. ಆ ಅಧಿಕಾರಕ್ಕೆ ತಕ್ಕ ಹೊಣೆ ಯಾವುದು? ಬ್ರಿಟನ್ನಿನ ಡೇವಿಡ್ ಪಟ್‌ನಮ್ ಅವರ ವೃತ್ತಿಜೀವನವನ್ನು ಈ ಪ್ರಶ್ನೆ ಕೊನೆಯವರೆಗೂ ಬಿಡಲಿಲ್ಲ.

1941ರಲ್ಲಿ ಲಂಡನ್ನಿನಲ್ಲಿ, ಪತ್ರಿಕಾ ಛಾಯಾಗ್ರಾಹಕರೊಬ್ಬರ ಮಗನಾಗಿ ಹುಟ್ಟಿದ ಪಟ್‌ನಮ್ 16ನೆಯ ವಯಸ್ಸಿಗೇ ಶಾಲೆ ಬಿಟ್ಟವರು. ಜಾಹೀರಾತು ಸಂಸ್ಥೆಯಲ್ಲಿ ದುಡಿದು ಅಲ್ಲಿಂದ ಸಿನಿಮಾಕ್ಕೆ ಬಂದರು. ಅಲನ್ ಪಾರ್ಕರ್, ರಿಡ್ಲಿ ಸ್ಕಾಟ್, ಹ್ಯೂ ಹಡ್ಸನ್, ರೋಲಂಡ್ ಜಾಫೆ ಈ ನಾಲ್ವರೂ ಚಿತ್ರಮಂದಿರಕ್ಕಾಗಿ ಮಾಡಿದ ಮೊದಲ ಕಥಾಚಿತ್ರಗಳ ಹಿಂದೆ ಅವರಿದ್ದರು.

1978ರ ‘ಮಿಡ್‌ನೈಟ್ ಎಕ್ಸ್‌ಪ್ರೆಸ್’ ಅವರಿಗೆ ಹಣವನ್ನೂ ಹೆಸರನ್ನೂ ತಂದಿತು. ಟರ್ಕಿಯ ಸೆರೆಮನೆಯ ಆ ಕಥೆಯಲ್ಲಿ ಟರ್ಕಿಯವರೆಲ್ಲ ಕ್ರೂರಿಗಳಾಗಿಯೇ ಕಾಣುತ್ತಾರೆ. ಅತ್ಯಂತ ಹಿಂಸಾತ್ಮಕವಾದ ದೃಶ್ಯಕ್ಕೆ ಪ್ರೇಕ್ಷಕರು ಹರ್ಷೋದ್ಗಾರ ಮಾಡಿದ್ದು ತಮ್ಮನ್ನು ಕಂಗೆಡಿಸಿತೆಂದು ಪಟ್‌ನಮ್ ಮುಂದೆ ಹೇಳಿಕೊಂಡರು. ಪ್ರೇಕ್ಷಕರು ಹೇಸಬೇಕೆಂದು ತೆಗೆದ ದೃಶ್ಯ ಅವರಿಗೆ ಉಲ್ಲಾಸ ಕೊಟ್ಟಿತ್ತು.

ಅನಂತರದ ಚಿತ್ರಗಳಲ್ಲಿ ಈ ಕಳವಳದ ಗುರುತುಗಳಿವೆ. 1981ರ ‘ಚಾರಿಯಟ್ಸ್ ಆಫ್ ಫೈರ್’ 1924ರ ಪ್ಯಾರಿಸ್ ಒಲಿಂಪಿಕ್ಸ್‌ನ ಇಬ್ಬರು ಓಟಗಾರರ ಕಥೆ. ಒಬ್ಬ ಭಾನುವಾರ ಓಡಲೊಪ್ಪದ ಕ್ರೈಸ್ತ. ಇನ್ನೊಬ್ಬ ಮೇಲುವರ್ಗದವರ ಯೆಹೂದಿ ದ್ವೇಷವನ್ನು ಎದುರಿಸಿ ಓಡಿದವನು. ಶ್ರೇಷ್ಠ ಚಿತ್ರದ್ದೂ ಸೇರಿ ನಾಲ್ಕು ಆಸ್ಕರ್‌ಗಳು ಅದಕ್ಕೆ ಬಂದವು. 1984ರ ‘ದ ಕಿಲ್ಲಿಂಗ್ ಫೀಲ್ಡ್ಸ್’ ಕಾಂಬೋಡಿಯದ ನರಮೇಧವನ್ನು ಜಗತ್ತಿನ ಕಣ್ಣೆದುರಿಗೆ ತಂದಿತು. ಅದರಲ್ಲಿ ನಟಿಸಿ ಪೋಷಕ ನಟನ ಆಸ್ಕರ್ ಪಡೆದ ಹಾಯಿಂಗ್ ಙೋರ್ ವೃತ್ತಿಯಿಂದ ವೈದ್ಯರು. ಖ್ಮೇರ್ ರೂಜ್‌ನ ಸೆರೆಯಲ್ಲಿ ಚಿತ್ರಹಿಂಸೆ ಅನುಭವಿಸಿ ಬದುಕುಳಿದವರು. 1986ರ ‘ದ ಮಿಷನ್’ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿ ಪಡೆಯಿತು.

ಈ ಚಿತ್ರಗಳನ್ನು ಮೆಚ್ಚುವವರೂ ಒಂದು ಮಾತನ್ನು ಮರೆಯುವಂತಿಲ್ಲ. ಕಾಂಬೋಡಿಯದ ದುರಂತಕ್ಕೆ ಪ್ರವೇಶ ಸಿಗುವುದು ಅಮೆರಿಕದ ಪತ್ರಕರ್ತನ ಕಣ್ಣಿನ ಮೂಲಕ. ‘ದ ಮಿಷನ್’ನಲ್ಲಿ ನೆಲ ಕಳೆದುಕೊಳ್ಳುವವರು ಗ್ವಾರಾನಿ ಜನ, ಆತ್ಮಸಾಕ್ಷಿಯ ತೊಳಲಾಟ ಮಾತ್ರ ಯುರೋಪಿನ ಪಾದ್ರಿಗಳದು. ನೊಂದವರ ಪರ ನಿಲ್ಲುವುದು ಒಂದು, ಅವರಿಗೆ ಮಾತು ಬಿಟ್ಟುಕೊಡುವುದು ಇನ್ನೊಂದು. ಪಟ್‌ನಮ್ ಅವರ ಸಿನಿಮಾ ಮೊದಲನೆಯದನ್ನು ಸಾಧಿಸಿತು; ಎರಡನೆಯದರಲ್ಲಿ ಅರ್ಧ ದಾರಿ ಮಾತ್ರ ಕ್ರಮಿಸಿತು.

1986ರಲ್ಲಿ ಅವರು ಹಾಲಿವುಡ್ಡಿನ ಕೊಲಂಬಿಯ ಪಿಕ್ಚರ್ಸ್‌ನ ಅಧ್ಯಕ್ಷರಾದರು. ಆ ಸ್ಟುಡಿಯೊ ಆಗ ಕೋಕಾ-ಕೋಲಾ ಕಂಪನಿಯ ಒಡೆತನದಲ್ಲಿತ್ತು. ತಾರೆಯರ ಸಂಭಾವನೆ ಅತಿಯಾಯಿತು, ನಿರ್ಮಾಣ ವೆಚ್ಚ ಇಳಿಯಬೇಕು, ಏಜೆಂಟರ ಹಿಡಿತ ಸಡಿಲವಾಗಬೇಕು ಎಂದು ಅವರು ಬಹಿರಂಗವಾಗಿಯೇ ಸಾರಿದರು. ಬರ್ಟೊಲುಚಿಯವರ ‘ದ ಲಾಸ್ಟ್ ಎಂಪರರ್’ ಅಮೆರಿಕದಲ್ಲಿ ಕೊಲಂಬಿಯದ ಮೂಲಕ ಬಿಡುಗಡೆಯಾಗಿ ಒಂಬತ್ತು ಆಸ್ಕರ್ ಗೆದ್ದಿತು. ಸ್ಪೈಕ್ ಲೀ ಅವರ ‘ಸ್ಕೂಲ್ ಡೇಜ್’ ಕೂಡ ಆ ಸ್ಟುಡಿಯೊದಿಂದಲೇ ಬಂತು. ಆದರೆ ಈ ಚಿತ್ರಗಳು ಜನರನ್ನು ತಲುಪುವ ಮೊದಲೇ, 1987ರ ಸೆಪ್ಟೆಂಬರಿನಲ್ಲಿ, ಪಟ್‌ನಮ್ ಅವರ ನಿರ್ಗಮನ ಪ್ರಕಟವಾಗಿತ್ತು. ಅಧಿಕಾರ ಉಳಿದದ್ದು ಹೆಚ್ಚು ಕಡಿಮೆ ಒಂದು ವರ್ಷ.

ಹಾಲಿವುಡ್ಡಿನ ಬಲಾಢ್ಯರು ಅವರನ್ನು ಹೊರದಬ್ಬಿದರೆಂಬ ವಿವರಣೆಯಲ್ಲಿ ಸತ್ಯವಿದೆ, ಪೂರ್ಣ ಸತ್ಯವಿಲ್ಲ. ಅವರ ನಾಲಿಗೆಯೂ ಹರಿತವಾಗಿತ್ತು. ಜೊತೆಯಲ್ಲಿ ಕೆಲಸ ಮಾಡಬೇಕಾದವರನ್ನೇ ಉಪದೇಶದಿಂದ ದೂರ ಮಾಡಿಕೊಂಡರು. ಅದಕ್ಕಿಂತ ದೊಡ್ಡ ಕಾರಣ ಒಡೆತನದ ಸ್ವರೂಪದಲ್ಲಿತ್ತು. ಸ್ಟುಡಿಯೊ ಕೋಕಾ-ಕೋಲಾದ ಲೆಕ್ಕಪುಸ್ತಕದ ಒಂದು ಬಾಬ್ತು. 1987ರಲ್ಲಿ ಕಂಪನಿ ಅದನ್ನು ಟ್ರೈ-ಸ್ಟಾರ್‌ನೊಂದಿಗೆ ವಿಲೀನಗೊಳಿಸಲು ಹೊರಟಿತು. 1989ರಲ್ಲಿ ಸೋನಿಗೆ ಮಾರಾಟವಾಯಿತು. ಅಧ್ಯಕ್ಷನ ಕುರ್ಚಿಯಲ್ಲಿ ಸಜ್ಜನ ಕುಳಿತ ಮಾತ್ರಕ್ಕೆ ಬಂಡವಾಳದ ನಡೆ ಬದಲಾಗುವುದಿಲ್ಲ.

ಈ ಸೋಲಿನ ಮುಂದಿನ ಬದುಕೇ ಹೆಚ್ಚು ಗಮನಾರ್ಹ. 1997ರಲ್ಲಿ ಲೇಬರ್ ಪಕ್ಷದ ಸದಸ್ಯರಾಗಿ ಹೌಸ್ ಆಫ್ ಲಾರ್ಡ್ಸ್ ಪ್ರವೇಶಿಸಿದ ಪಟ್‌ನಮ್, ಸಜ್ಜನಿಕೆಯಿಂದ ಆಗದ್ದನ್ನು ಕಾನೂನಿನಿಂದ ಮಾಡಲು ಯತ್ನಿಸಿದರು. 2003ರ ಸಂವಹನ ಕಾಯ್ದೆ ರೂಪುಗೊಳ್ಳುವಾಗ, ಮಾಧ್ಯಮ ಸಂಸ್ಥೆಗಳ ವಿಲೀನವನ್ನು ಸಾರ್ವಜನಿಕ ಹಿತಾಸಕ್ತಿಯ ದೃಷ್ಟಿಯಿಂದ ಪರಿಶೀಲಿಸಲು ಅವಕಾಶವಿರಬೇಕೆಂದು ಪಟ್ಟು ಹಿಡಿದು ಸರ್ಕಾರವನ್ನು ಒಪ್ಪಿಸಿದರು. 2010ರಲ್ಲಿ ರೂಪರ್ಟ್ ಮರ್ಡಾಕ್ ಅವರ ನ್ಯೂಸ್ ಕಾರ್ಪೊರೇಷನ್ ಬಿಸ್ಕೈಬಿಯನ್ನು ಪೂರ್ತಿಯಾಗಿ ಕೊಳ್ಳಲು ಮುಂದಾದಾಗ, ಸಚಿವರು ಮಧ್ಯೆ ಪ್ರವೇಶಿಸಲು ಈ ಹಿತಾಸಕ್ತಿಯ ನಿಯಮವೇ ದಾರಿಯಾಯಿತು. ಫೋನ್ ಕದ್ದಾಲಿಕೆಯ ಹಗರಣ ಸ್ಫೋಟಿಸಿ, 2011ರಲ್ಲಿ ಆ ಪ್ರಸ್ತಾವವೇ ಹಿಂದೆ ಸರಿಯಿತು. 2020ರಲ್ಲಿ, ಪ್ರಜಾಪ್ರಭುತ್ವ ಮತ್ತು ಡಿಜಿಟಲ್ ತಂತ್ರಜ್ಞಾನ ಕುರಿತ ಲಾರ್ಡ್ಸ್ ಸಮಿತಿ ಪಟ್‌ನಮ್ ಅವರ ಅಧ್ಯಕ್ಷತೆಯಲ್ಲಿ ವರದಿ ನೀಡಿತು.

ಚಿತ್ರಮಂದಿರದ ಆ ಹರ್ಷೋದ್ಗಾರ ಇಂದು ಪ್ರತಿಯೊಬ್ಬರ ಅಂಗೈಯ ಪರದೆಯಲ್ಲಿ ಕೇಳಿಸುತ್ತಿದೆ. ದ್ವೇಷದ ದೃಶ್ಯ ಎಷ್ಟು ಹರಡಿದರೆ ಅಷ್ಟು ಲಾಭ ಪಡೆಯುವವರಿದ್ದಾರೆ. ಅದಕ್ಕೆ ಹೊಣೆ ಯಾರೆಂದು ಕೇಳಿದರೆ ಕೈ ತೋರಿಸಲು ಒಬ್ಬ ನಿರ್ಮಾಪಕನೂ ಸಿಗುವುದಿಲ್ಲ. 1978ರಲ್ಲಿ ಒಬ್ಬ ನಿರ್ಮಾಪಕ ತನ್ನ ಚಿತ್ರದ ಬಗ್ಗೆ ತಾನೇ ನಾಚಿಕೊಂಡನು. ಆ ನಾಚಿಕೆ ಕಾನೂನಿನ ಒಂದು ಕಲಮಾಗಲು 25 ವರ್ಷ ಬೇಕಾಯಿತು. ಮುಂದಿನ ಕಲಮುಗಳನ್ನು ಬರೆಸುವ ಕೆಲಸ ನೋಡುಗರದು, ಓದುಗರದು, ನಾಗರಿಕರದು.